ಫ್ಯಾಮಿಲಿ ಕಾರಿನ ತಿಂಗಳ ತಪಾಸಣೆ: ಸ್ಟಾರ್ಟ್ ಮಾಡುವ ಮೊದಲೇ ಅರ್ಧ ಕೆಲಸ ಮುಗಿಯಬೇಕು

ಕ್ರೆಟಾ, ಸೆಲ್ಟೋಸ್, ನೆಕ್ಸಾನ್, ಬ್ರೆಝಾ ತರಹದ ಕಾರು ಇಟ್ಟುಕೊಂಡವರು ತಪಾಸಣೆ ಮಾಡುವುದೇ ಇಲ್ಲ ಅಂತಲ್ಲ. ಮಾಡುತ್ತಾರೆ, ಆದರೆ ತಪ್ಪು ಹೊತ್ತಿನಲ್ಲಿ. ಊರಿಗೆ ಹೊರಟ ದಿನ ಪೆಟ್ರೋಲ್ ಬಂಕ್‌ನಲ್ಲಿ ನಿಲ್ಲಿಸಿ ಗಾಳಿ ನೋಡುತ್ತಾರೆ, ಬಾನೆಟ್ ಎತ್ತಿ ಆಯಿಲ್ ನೋಡುತ್ತಾರೆ. ಅಷ್ಟರಲ್ಲಿ ಕಾರು ಹತ್ತಾರು ಕಿಲೋಮೀಟರ್ ಓಡಿ ಬಿಸಿಯಾಗಿರುತ್ತದೆ. ಗಾಳಿಯ ಲೆಕ್ಕ ತಪ್ಪುತ್ತದೆ, ಆಯಿಲ್‌ನ ಲೆಕ್ಕವೂ ತಪ್ಪುತ್ತದೆ. ಕೂಲೆಂಟ್ (ಇಂಜಿನ್ ತಣ್ಣಗಿಡುವ ದ್ರವ) ಮುಚ್ಚಳಕ್ಕೆ ಕೈ ಹಾಕಿದರೆ ಕೈ ಸುಡುತ್ತದೆ.

ಹಾಗಾಗಿ ಇಲ್ಲಿ ಕ್ರಮವೇ ಮುಖ್ಯ. ಮೊದಲು ತಣ್ಣಗಿರುವಾಗ ನೋಡುವುದು, ಆಮೇಲೆ ಸ್ಟಾರ್ಟ್ ಮಾಡುವ ಕ್ಷಣದಲ್ಲಿ ನೋಡುವುದು, ನಂತರ ನಿಂತಲ್ಲೇ ಇಂಜಿನ್ ಓಡುವಾಗ, ಕೊನೆಗೆ ರಸ್ತೆಯಲ್ಲಿ. ಈ ಸಾಲು ಹಿಂದೆ ಮುಂದೆ ಆಗಬಾರದು. ಒಮ್ಮೆ ಬಿಸಿಯಾದ ಕಾರು ಮತ್ತೆ ಪೂರ್ತಿ ತಣ್ಣಗಾಗಲು ಗಂಟೆಗಟ್ಟಲೆ ಬೇಕು.

## ಮೊದಲು ಕೈಗೆ ಸಿಗುವಂತೆ ಇಟ್ಟುಕೊಳ್ಳಿ

ದುಬಾರಿ ಸಾಮಾನು ಯಾವುದೂ ಬೇಡ. ಒಂದು ಒಳ್ಳೆಯ ಟಯರ್ ಪ್ರೆಶರ್ ಗೇಜ್, ಟಾರ್ಚ್, ನೂಲು ಬಿಡದ ಹಳೆ ಬನಿಯನ್ ಬಟ್ಟೆ, ಸಾಧಾರಣ ಮಲ್ಟಿಮೀಟರ್, ಕೈಗವಸು. ಜೊತೆಗೆ ಕಾರಿನ ಕೈಪಿಡಿ ಮತ್ತು ಒಂದು ಚಿಕ್ಕ ನೋಟ್‌ಬುಕ್.

ಗೇಜ್ ಸ್ವಂತದ್ದೇ ಇರಲಿ. ಒಂದೊಂದು ಬಂಕ್‌ನ ಮೀಟರ್ ಒಂದೊಂದು ಲೆಕ್ಕ ತೋರಿಸುತ್ತದೆ. ನಿಮ್ಮ ಗೇಜ್ ಒಂದು ಪಿಎಸ್‌ಐ (ಗಾಳಿಯ ಒತ್ತಡದ ಅಳತೆ) ಆಚೀಚೆ ಇದ್ದರೂ ಪ್ರತಿ ತಿಂಗಳು ಅದೇ ಗೇಜ್ ಹಿಡಿದರೆ ಹೋಲಿಸಿ ನೋಡಬಹುದು.

ನೋಟ್‌ಬುಕ್ಕನ್ನು ಸುಮ್ನೆ ಅಂದುಕೊಳ್ಳಬೇಡಿ. ಕೂಲೆಂಟ್ ಇವತ್ತು ಎಲ್ಲಿದೆ ಅನ್ನುವುದಕ್ಕಿಂತ ಹೋದ ತಿಂಗಳಿಗಿಂತ ಎಷ್ಟು ಇಳಿದಿದೆ ಅನ್ನುವುದೇ ಕಾಯಿಲೆ ಹೇಳುತ್ತದೆ. ದಿನಾಂಕ, ಓಡಿದ ಕಿಲೋಮೀಟರ್, ನಾಲ್ಕು ಟಯರ್ ಮತ್ತು ಸ್ಟೆಪ್ನಿಯ ಗಾಳಿ, ಆಯಿಲ್ ಮಟ್ಟ, ಕೂಲೆಂಟ್ ಮಟ್ಟ. ಇಷ್ಟು ಬರೆದರೆ ಸಾಕು.

## ಹಂತ 1: ಕಾರು ತಣ್ಣಗಿರುವಾಗ

ಕಾರು ನಿಲ್ಲಿಸಿ ಕನಿಷ್ಠ ಮೂರು ಗಂಟೆ ಆಗಿರಬೇಕು. ಬೆಳಿಗ್ಗೆ ಬಿಸಿಲು ಬೀಳುವ ಮೊದಲಾದರೆ ಇನ್ನೂ ಒಳ್ಳೆಯದು. ಜಾಗ ಸಮತಟ್ಟಾಗಿರಲಿ. ಗೇಟಿನ ಇಳಿಜಾರಿನ ಮೇಲೆ ನಿಂತ ಕಾರಿನಲ್ಲಿ ಆಯಿಲ್ ನೋಡಿದರೆ ಅದು ಲೆಕ್ಕಕ್ಕೆ ಬರುವುದಿಲ್ಲ.

### ಬಾನೆಟ್ ಎತ್ತಿ, ಮುಟ್ಟಬೇಡಿ, ಬರೀ ನೋಡಿ

ಮೊದಲು ಹುಡುಕಬೇಕಾದ್ದು ಇಲಿ. ಇಂಜಿನ್ ಕವರ್ ಮೇಲೆ ಹಿಕ್ಕೆ, ಕಚ್ಚಿ ತಂದ ಬಟ್ಟೆ ಚೂರು, ತೆಂಗಿನ ನಾರು, ಕಡಿದ ವೈರಿನ ಸಿಪ್ಪೆ ಕಂಡರೆ ಸ್ಟಾರ್ಟ್ ಮಾಡಬೇಡಿ. ಅರ್ಧ ಕಡಿದ ವೈರ್ ಶಾರ್ಟ್ ಆದರೆ ಖರ್ಚು ಹತ್ತು ಪಟ್ಟಾಗುತ್ತದೆ. ಮೆಕ್ಯಾನಿಕ್ಕನ್ನೇ ಮನೆಗೆ ಕರೆಸಿ. ಇಲಿ ಬಾರದಿರಬೇಕಾದರೆ ಕಾರೊಳಗೆ ತಿಂಡಿ ಚೂರು ಉಳಿಯಬಾರದು, ಕಾರನ್ನು ಎರಡು ಮೂರು ದಿನಕ್ಕೊಮ್ಮೆಯಾದರೂ ಓಡಿಸಬೇಕು, ನಿಲ್ಲಿಸುವ ಜಾಗದ ಸುತ್ತ ಕಸ ಇರಬಾರದು. ಬಾನೆಟ್ ಒಳಗೆ ನುಸಿಗುಳಿಗೆ ಇಡುವವರಿದ್ದಾರೆ. ಅದರ ವಾಸನೆ ಎಸಿ ಮೂಲಕ ನೇರ ಒಳಗೆ ಬರುತ್ತದೆ. ಮಕ್ಕಳು ಕೂರುವ ಕಾರಿಗೆ ಅದು ಬೇಡ.

ಆಮೇಲೆ ಮುಂದಿನ ಗಾಜಿನ ಬುಡ, ವೈಪರ್ ಕೂರುವ ತಗ್ಗು. ಬೆಂಗಳೂರು, ಮೈಸೂರಿನಲ್ಲಿ ಮರದ ಕೆಳಗೆ ನಿಲ್ಲಿಸುವವರಿಗೆ ಇದು ದೊಡ್ಡ ತಲೆನೋವು. ಮಳೆಮರದ ಸಣ್ಣ ಎಲೆ, ಗುಲ್‌ಮೊಹರ್ ಹೂವಿನ ಎಸಳು ಅಲ್ಲಿ ಸೇರಿ ನೀರು ಹೋಗುವ ತೂತನ್ನು ಮುಚ್ಚುತ್ತವೆ. ಜೋರು ಮಳೆ ಬಂದಾಗ ಆ ನೀರು ಕಾರಿನೊಳಗೆ ದಾರಿ ಹುಡುಕಿಕೊಳ್ಳುತ್ತದೆ. ಎಲೆಗಳನ್ನು ಕೈಯಿಂದ ತೆಗೆಯಿರಿ. ಪೈಪಿನಿಂದ ನೀರು ಬಿಟ್ಟು ತೊಳೆದರೆ ಕಸ ಇನ್ನೂ ಒಳಗೆ ಹೋಗಿ ಕೂರುತ್ತದೆ.

### ಟಯರ್ ಗಾಳಿ

ಎಷ್ಟು ಗಾಳಿ ಬೇಕು ಅಂತ ಚಾಲಕನ ಬಾಗಿಲು ತೆಗೆದರೆ ಕಾಣುವ ಸ್ಟಿಕ್ಕರ್‌ನಲ್ಲಿ ಬರೆದಿರುತ್ತದೆ. ಈ ಗಾತ್ರದ ಕಾರುಗಳಲ್ಲಿ ಸಾಮಾನ್ಯವಾಗಿ 32ರಿಂದ 36 ಪಿಎಸ್‌ಐ. ಐದು ಜನ ಮತ್ತು ಪೂರ್ತಿ ಲಗೇಜ್ ಇದ್ದರೆ ಹಿಂದಿನ ಟಯರಿಗೆ ಬೇರೆ ಅಳತೆ ಕೊಟ್ಟಿರಬಹುದು, ಅದನ್ನೂ ಓದಿ. ಟಯರ್ ಮೇಲೆಯೇ ಅಚ್ಚಾಗಿರುವ ಅಂಕಿ ಗರಿಷ್ಠ ಮಿತಿ. ಅಷ್ಟು ತುಂಬಿಸಬಾರದು.

ಈ ಎಲ್ಲ ಅಂಕಿಗಳೂ ತಣ್ಣನೆ ಟಯರಿಗೆ ಕೊಟ್ಟವು. ಒಳಗಿನ ಗಾಳಿ 10 ಡಿಗ್ರಿ ಬಿಸಿಯಾದರೆ ಒತ್ತಡ ಸುಮಾರು ಒಂದೂವರೆ ಪಿಎಸ್‌ಐ ಏರುತ್ತದೆ. ಮನೆಯಿಂದ ದೂರದ ಬಂಕ್‌ಗೆ ಹೋಗಿ ಸರಿಯಾಗಿ 33 ಹಾಕಿಸಿಕೊಂಡು ಬಂದರೆ ಮರುದಿನ ಬೆಳಿಗ್ಗೆ 30 ಇರುತ್ತದೆ. 'ಗಾಳಿ ನಿಲ್ಲುತ್ತಿಲ್ಲ, ಪಂಕ್ಚರ್ ಇರಬೇಕು' ಅಂತ ಎಷ್ಟೋ ಜನ ಟಯರ್ ಅಂಗಡಿಗೆ ಅಲೆಯುವುದು ಇದೇ ಕಾರಣಕ್ಕೆ.

ಸರಿಯಾದ ದಾರಿ ಇದು. ಮನೆಯಲ್ಲಿ ತಣ್ಣಗಿರುವಾಗ ಅಳೆದು, ಪ್ರತಿ ಟಯರಿಗೂ ಎಷ್ಟು ಕಮ್ಮಿ ಇದೆ ಅಂತ ಬರೆದುಕೊಳ್ಳಿ. 33 ಬೇಕಿದ್ದು 29 ಇದ್ದರೆ ಕೊರತೆ 4. ಬಂಕ್‌ಗೆ ಹೋಗುವಷ್ಟರಲ್ಲಿ ಅದೇ ಟಯರ್ 31 ತೋರಿಸಬಹುದು. ಆಗ 33ಕ್ಕೆ ನಿಲ್ಲಿಸಬೇಡಿ. 31ಕ್ಕೆ 4 ಸೇರಿಸಿ 35 ಹಾಕಿಸಿ. ಮರುದಿನ ಬೆಳಿಗ್ಗೆ ಅದು 33ಕ್ಕೆ ಬಂದು ಕೂರುತ್ತದೆ. ಬಿಸಿ ಟಯರಿನಲ್ಲಿ ಜಾಸ್ತಿ ಕಂಡಿತು ಅಂತ ಗಾಳಿ ಬಿಡುವುದಂತೂ ಬೇಡವೇ ಬೇಡ.

ಡ್ಯಾಶ್‌ಬೋರ್ಡಿನ ಟಯರ್ ಲೈಟ್ ಹತ್ತಲಿ, ಆಮೇಲೆ ನೋಡೋಣ ಅಂತ ಕಾಯಬೇಡಿ. ಗಾಳಿ ಸಾಕಷ್ಟು ಇಳಿದ ಮೇಲೇ ಅದು ಹತ್ತುವುದು. ಒಂದು ಟಯರ್ ಮಾತ್ರ ಉಳಿದ ಮೂರಕ್ಕಿಂತ ಪ್ರತಿ ತಿಂಗಳೂ ಜಾಸ್ತಿ ಇಳಿಯುತ್ತಿದ್ದರೆ ಅದು ನಿಜವಾದ ಸೂಚನೆ. ಮೊಳೆ ಇರಬಹುದು, ವಾಲ್ವ್ ಇರಬಹುದು, ಗುಂಡಿಗೆ ಬಿದ್ದು ರಿಮ್ ಬಾಗಿರಬಹುದು.

ಅಲ್ಲೇ ಕೂತಿರುವಾಗ ಇನ್ನೆರಡು ವಿಷಯ. ಟಯರಿನ ಕಾಲುವೆಗಳ ನಡುವೆ ಅಲ್ಲಲ್ಲಿ ಸಣ್ಣ ಅಡ್ಡ ದಿಬ್ಬಗಳಿರುತ್ತವೆ. ಟಯರ್ ಸವೆದು ಆ ದಿಬ್ಬದ ಮಟ್ಟಕ್ಕೆ ಬಂದರೆ ಉಳಿದಿರುವುದು 1.6 ಮಿಲಿಮೀಟರ್, ಟಯರ್ ಬದಲಿಸಲೇಬೇಕು. ಮಲೆನಾಡು, ಕರಾವಳಿಯ ಮಳೆಯಲ್ಲಿ ಓಡಾಡುವವರು ಅಲ್ಲಿವರೆಗೂ ಕಾಯಬಾರದು, 3 ಮಿಲಿಮೀಟರ್ ಆದಾಗಲೇ ಯೋಚಿಸಿ ಅನ್ನುವುದು ನನ್ನ ಮಾತು. ಎರಡನೆಯದು ಟಯರಿನ ಪಕ್ಕೆ. ಅಲ್ಲಿ ಬಾವು ಬಂದಂತೆ ಉಬ್ಬಿದ್ದರೆ ಒಳಗಿನ ದಾರಗಳು ತುಂಡಾಗಿವೆ. ಅದಕ್ಕೆ ರಿಪೇರಿ ಇಲ್ಲ. ಅಂಥ ಟಯರಿನಲ್ಲಿ ಹೈವೇಗೆ ಹೋಗಬೇಡಿ.

### ಇಂಜಿನ್ ಆಯಿಲ್

ಡಿಪ್‌ಸ್ಟಿಕ್ (ಆಯಿಲ್ ಮಟ್ಟ ಅಳೆಯುವ ಕಡ್ಡಿ) ಎಳೆಯಿರಿ, ಒರೆಸಿ, ಪೂರ್ತಿ ಒಳಗೆ ಹಾಕಿ, ಮತ್ತೆ ಎಳೆದು ಓದಿ. ಮೊದಲ ಸಲ ಎಳೆದಾಗ ಕಂಡ ಮಟ್ಟವನ್ನು ನಂಬಬೇಡಿ. ಎರಡೂ ಕಡೆ ನೋಡಿ, ಯಾವ ಕಡೆ ಕಮ್ಮಿ ತೋರಿಸುತ್ತದೋ ಅದನ್ನೇ ಹಿಡಿಯಿರಿ. ಕೆಲವು ಕಾರುಗಳ ಕೈಪಿಡಿ ಇಂಜಿನ್ ಬಿಸಿ ಮಾಡಿ, ಆಫ್ ಮಾಡಿ, ಐದು ನಿಮಿಷ ಬಿಟ್ಟು ನೋಡಿ ಅನ್ನುತ್ತದೆ. ನಿಮ್ಮದು ಹಾಗಿದ್ದರೆ ಇದೊಂದನ್ನು ಕೊನೆಗೆ ಇಟ್ಟುಕೊಳ್ಳಿ. ಪ್ರತಿ ಸಲವೂ ಒಂದೇ ರೀತಿ ನೋಡಬೇಕು, ಅಷ್ಟೇ.

ಕೆಳಗಿನ ಗೆರೆಯಿಂದ ಮೇಲಿನ ಗೆರೆಗೆ ಹೆಚ್ಚಿನ ಕಾರುಗಳಲ್ಲಿ ಸುಮಾರು ಒಂದು ಲೀಟರ್ ಬೇಕು. ಹಾಕುವುದಾದರೆ ಕಾಲು ಲೀಟರ್‌ಗಿಂತ ಜಾಸ್ತಿ ಒಂದೇ ಸಲ ಹಾಕಬೇಡಿ. ಹಾಕಿ, ಐದು ನಿಮಿಷ ಬಿಟ್ಟು, ಮತ್ತೆ ನೋಡಿ. ಮೇಲಿನ ಗೆರೆ ದಾಟಬಾರದು. ಆಯಿಲ್ ಜಾಸ್ತಿಯಾದರೆ ಒಳಗೆ ತಿರುಗುವ ಭಾಗಗಳು ಅದನ್ನು ಕಡೆದು ನೊರೆ ಮಾಡುತ್ತವೆ. ನೊರೆಯಾದ ಆಯಿಲ್ ಇಂಜಿನ್ನನ್ನು ಕಾಯುವುದಿಲ್ಲ.

ಕಪ್ಪಗಾಗಿದ್ದರೆ ಹೆದರಬೇಡಿ. ಡೀಸೆಲ್ ಕಾರಿನಲ್ಲಿ ಹೊಸ ಆಯಿಲ್ ಸ್ವಲ್ಪ ದಿನಕ್ಕೇ ಕಪ್ಪಾಗುತ್ತದೆ. ಹೆದರಬೇಕಾದ್ದು ಬೇರೆ ಎರಡಕ್ಕೆ. ಆಯಿಲ್ ಹಾಲು ಬೆರೆತ ಕಾಫಿಯ ಬಣ್ಣಕ್ಕೆ ಬಂದಿದ್ದರೆ ಕೂಲೆಂಟ್ ಸೇರುತ್ತಿರಬಹುದು, ಓಡಿಸಬೇಡಿ. ಇನ್ನೊಂದು, ಹಾಕದೇನೇ ಆಯಿಲ್ ಮಟ್ಟ ಏರುವುದು. 2020ರ ಏಪ್ರಿಲ್‌ನಿಂದ ಬಂದ ಬಿಎಸ್6 ಡೀಸೆಲ್ ಕಾರುಗಳನ್ನು ಬರೀ ಸಿಟಿಯಲ್ಲಿ ಓಡಿಸುವವರು ಇದನ್ನು ಗಮನಿಸಬೇಕು. ಹೊಗೆ ಫಿಲ್ಟರ್ (ಡಿಪಿಎಫ್) ಒಳಗೆ ಸೇರಿದ ಮಸಿ ಸುಟ್ಟು ಶುಚಿ ಮಾಡಿಕೊಳ್ಳುವ ಕೆಲಸ ಅರ್ಧಕ್ಕೆ ನಿಂತಾಗಲೆಲ್ಲ ಸ್ವಲ್ಪ ಡೀಸೆಲ್ ಆಯಿಲ್‌ಗೆ ಇಳಿಯುತ್ತದೆ. ಡಿಪ್‌ಸ್ಟಿಕ್ ಮೂಸಿದರೆ ಡೀಸೆಲ್ ವಾಸನೆ ಬರುತ್ತದೆ. ಅಂಥ ಆಯಿಲ್ ಬದಲಿಸಲೇಬೇಕು.

### ಕೂಲೆಂಟ್ ಮತ್ತು ಬ್ರೇಕ್ ಆಯಿಲ್

ಎರಡರ ಡಬ್ಬಿಯೂ ಅರೆಪಾರದರ್ಶಕ. ಹೊರಗಿನಿಂದಲೇ ಟಾರ್ಚ್ ಬಿಟ್ಟು ಮಟ್ಟ ನೋಡಿ. ಮುಚ್ಚಳ ತೆಗೆಯುವ ಅಗತ್ಯವೇ ಇಲ್ಲ.

ಕೂಲೆಂಟ್ ಕಮ್ಮಿಯಿದ್ದರೆ ಕಾರು ತಣ್ಣಗಿರುವಾಗ ಮಾತ್ರ ಹಾಕಬೇಕು. ಬಿಸಿಯಲ್ಲಿ ಒಳಗೆ ಒತ್ತಡ ಇರುತ್ತದೆ. ಮುಚ್ಚಳ ತಿರುಗಿಸಿದ ಕೂಡಲೇ ಕುದಿನೀರು ಮುಖಕ್ಕೆ ಚಿಮ್ಮುತ್ತದೆ. ಯಾವ ಬಣ್ಣದ್ದು ಇದೆಯೋ ಅದನ್ನೇ ಹಾಕಿದರೆ ಸಾಕು ಅಂದುಕೊಳ್ಳಬೇಡಿ, ಬಣ್ಣ ಒಂದೇ ಇದ್ದರೂ ಮಾಲು ಬೇರೆ ಇರಬಹುದು. ಕೈಪಿಡಿಯಲ್ಲಿ ಹೇಳಿದ್ದೇ ತನ್ನಿ. ಬೋರ್‌ವೆಲ್ ನೀರು ಖಂಡಿತ ಬೇಡ. ನಮ್ಮಲ್ಲಿ ಬಹಳ ಕಡೆ ಬೋರ್ ನೀರು ಗಡಸು. ಪಾತ್ರೆಯಲ್ಲಿ ಕಟ್ಟುವ ಅದೇ ಬಿಳಿ ಪದರ ರೇಡಿಯೇಟರ್ ಒಳಗೂ ಕಟ್ಟುತ್ತದೆ. ತೀರಾ ಬೇಕೇಬೇಕು ಅನ್ನುವಾಗ ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ವಾಟರ್ ಬಳಸಿ.

ಬ್ರೇಕ್ ಆಯಿಲ್ ಮಟ್ಟ ನಿಧಾನಕ್ಕೆ ಇಳಿದರೆ ಸಾಮಾನ್ಯವಾಗಿ ಪ್ಯಾಡ್ ಸವೆದಿದೆ ಅಂತ ಅರ್ಥ. ಸುಮ್ನೆ ತುಂಬಿಸಿಬಿಟ್ಟರೆ ಆ ಸೂಚನೆಯೇ ಮುಚ್ಚಿಹೋಗುತ್ತದೆ. ಮೊದಲು ಪ್ಯಾಡ್ ನೋಡಿಸಿ. ಒಮ್ಮೆಲೇ ಇಳಿದಿದ್ದರೆ ಲೀಕ್ ಇದೆ, ಕಾರು ತೆಗೆಯಬೇಡಿ. ಈ ಆಯಿಲ್ ಗಾಳಿಯ ತೇವ ಹೀರಿಕೊಳ್ಳುತ್ತದೆ, ಆಗ ಬೇಗ ಕುದಿಯುತ್ತದೆ. ಅದಕ್ಕೇ ಎರಡು ವರ್ಷಕ್ಕೊಮ್ಮೆ ಬದಲಿಸಬೇಕು. ಚಾರ್ಮಾಡಿ, ಶಿರಾಡಿ ಘಾಟಿ ಇಳಿಯುವವರು ಇದನ್ನು ಮುಂದೂಡಬೇಡಿ.

### ಬ್ಯಾಟರಿ

ಮಲ್ಟಿಮೀಟರನ್ನು ಬ್ಯಾಟರಿಯ ಎರಡು ತುದಿಗೆ ಹಿಡಿಯಿರಿ. 12.6 ವೋಲ್ಟ್ ಆಸುಪಾಸು ಇದ್ದರೆ ಪೂರ್ತಿ ಚಾರ್ಜ್ ಇದೆ. 12.2ಕ್ಕೆ ಬಂದಿದ್ದರೆ ಅರ್ಧ ಖಾಲಿ. ಮೂರು ನಾಲ್ಕು ವರ್ಷದ ಬ್ಯಾಟರಿ ದಿನಾ ಓಡಿಸಿದರೂ ಹೀಗೆ ತೋರಿಸಿದರೆ ಹೊಸದಕ್ಕೆ ದುಡ್ಡು ತೆಗೆದಿಡಿ.

## ಹಂತ 2: ಸ್ಟಾರ್ಟ್ ಮಾಡುವ ಕ್ಷಣ

ಮೊದಲು ಇಗ್ನಿಷನ್ ಮಾತ್ರ ಆನ್ ಮಾಡಿ. ಪುಶ್ ಬಟನ್ ಕಾರಿನಲ್ಲಿ ಬ್ರೇಕ್ ಒತ್ತದೆ ಬಟನ್ ಎರಡು ಸಲ ಒತ್ತಿದರೆ ಸಾಮಾನ್ಯವಾಗಿ ಈ ಸ್ಥಿತಿ ಬರುತ್ತದೆ. ಆಯಿಲ್ ಲೈಟ್, ಬ್ಯಾಟರಿ ಲೈಟ್, ಚೆಕ್ ಇಂಜಿನ್, ಎಬಿಎಸ್, ಏರ್‌ಬ್ಯಾಗ್, ಎಲ್ಲವೂ ಹತ್ತಬೇಕು. ಹತ್ತದ ಲೈಟೂ ದೋಷವೇ. ಏರ್‌ಬ್ಯಾಗ್ ಲೈಟ್ ಹತ್ತುವುದೇ ಇಲ್ಲ ಅಂದರೆ ಸೆಕೆಂಡ್ ಹ್ಯಾಂಡ್ ಕಾರು ಕೊಂಡವರು ವಿಶೇಷವಾಗಿ ಎಚ್ಚರ ವಹಿಸಬೇಕು. ದೋಷ ಕಾಣದಿರಲಿ ಅಂತ ಲೈಟನ್ನೇ ಕಿತ್ತಿರಬಹುದು.

ಈಗ ಸ್ಟಾರ್ಟ್ ಮಾಡಿ. ಸ್ಟಾರ್ಟರ್ ನಿಧಾನಕ್ಕೆ, ಎಳೆದಂತೆ ತಿರುಗಿದರೆ ಬ್ಯಾಟರಿ ಸೋತಿದೆ. ಕೆಂಪು ಆಯಿಲ್ ಲೈಟ್ ಎರಡು ಮೂರು ಸೆಕೆಂಡಿನಲ್ಲಿ ಆರಬೇಕು. ಆರದಿದ್ದರೆ ತಕ್ಷಣ ಆಫ್ ಮಾಡಿ.

## ಹಂತ 3: ನಿಂತಲ್ಲೇ ಇಂಜಿನ್ ಓಡುವಾಗ

ಬಾಗಿಲು, ಶಟರ್ ತೆರೆದಿರಲಿ. ಮುಚ್ಚಿದ ಗ್ಯಾರೇಜಿನಲ್ಲಿ ಇಂಜಿನ್ ಓಡಿಸಬಾರದು.

ಗಾಜಿಗೆ ನೀರು ಚಿಮ್ಮಿಸಿ ವೈಪರ್ ಹಾಕಿ. ಒಣ ಗಾಜಿನ ಮೇಲೆ ಹಾಕಿದರೆ ಧೂಳು ಗೀರು ಬೀಳಿಸುತ್ತದೆ. ಗೆರೆ ಉಳಿದರೆ ಮೊದಲು ರಬ್ಬರನ್ನು ಒದ್ದೆ ಬಟ್ಟೆಯಿಂದ ಒರೆಸಿ ನೋಡಿ. ಆಗಲೂ ಉಳಿದರೆ ಜೂನ್‌ಗೆ ಮೊದಲು ಬದಲಿಸಿ. ಗೋಡೆಗೆ ಮುಖ ಮಾಡಿ ಹೆಡ್‌ಲೈಟ್, ಇಂಡಿಕೇಟರ್ ನೋಡಿ. ಬ್ರೇಕ್ ಲೈಟಿಗೆ ಮನೆಯವರೊಬ್ಬರನ್ನು ಹಿಂದೆ ನಿಲ್ಲಿಸಿ.

ಹತ್ತು ನಿಮಿಷ ಎಸಿ ಹಾಕಿ. ಕಾರಿನ ಕೆಳಗೆ ನೀರು ತೊಟ್ಟಿಕ್ಕಬೇಕು, ಅದು ಒಳ್ಳೆಯ ಲಕ್ಷಣ. ತೊಟ್ಟಿಕ್ಕದೆ ಮುಂದಿನ ಸೀಟಿನ ಕಾಲ ಬಳಿ ಕಾರ್ಪೆಟ್ ಒದ್ದೆಯಾಗಿದ್ದರೆ ಎಸಿ ನೀರಿನ ಪೈಪ್ ಕಟ್ಟಿರಬಹುದು. ಆ ಒದ್ದೆಯನ್ನು ಬೆರಳಲ್ಲಿ ಮುಟ್ಟಿ ನೋಡಿ. ಬರೀ ನೀರಾದರೆ ಎಸಿಯದ್ದು. ಅಂಟಂಟಾಗಿ ಸಿಹಿ ವಾಸನೆ ಬಂದರೆ ಕೂಲೆಂಟ್ ಒಳಗೆ ಸೋರುತ್ತಿದೆ, ಅದು ದೊಡ್ಡ ಕೆಲಸ. ಎಸಿ ಗಾಳಿ ಕಮ್ಮಿಯಾಗಿದ್ದರೆ ಗ್ಯಾಸ್ ತುಂಬಿಸುವ ಮೊದಲು ಕ್ಯಾಬಿನ್ ಫಿಲ್ಟರ್ ನೋಡಿ. ಬಹಳಷ್ಟು ಕಾರುಗಳಲ್ಲಿ ಅದು ಗ್ಲೋವ್ ಬಾಕ್ಸ್ ಹಿಂದೆ ಇರುತ್ತದೆ, ಸ್ಕ್ರೂಡ್ರೈವರ್ ಇಲ್ಲದೆಯೇ ತೆಗೆಯಬಹುದು. ಕೂರಿಸುವಾಗ ಅದರ ಮೇಲಿನ ಬಾಣದ ದಿಕ್ಕು ತಪ್ಪಬಾರದು.

## ಹಂತ 4: ರಸ್ತೆಯಲ್ಲಿ ಅರ್ಧ ಗಂಟೆ

ಹಾಡು ಬಂದ್ ಮಾಡಿ, ಕಿಟಕಿ ಇಳಿಸಿ. ಮೊದಲು ನಿಧಾನಕ್ಕೆ ಒಂದು ಹಂಪ್ ಹತ್ತಿ ಇಳಿಯಿರಿ. ಮುಂದೆ 'ಕಟ ಕಟ' ಅಂದರೆ ಸಸ್ಪೆನ್ಷನ್ನಿನ ಲಿಂಕ್ ಅಥವಾ ಬುಷ್ ಸವೆದಿದೆ. ಸ್ಟೇರಿಂಗ್ ಪೂರ್ತಿ ತಿರುಗಿಸಿ ಮೆಲ್ಲಗೆ ಚಲಿಸಿದಾಗ 'ಟಕ್ ಟಕ್' ಬಂದರೆ ಡ್ರೈವ್ ಶಾಫ್ಟ್ ಜಾಯಿಂಟ್. ವೇಗ ಏರಿದಂತೆ ಏರುವ ಗುಂಯ್ ಶಬ್ದ ವೀಲ್ ಬೇರಿಂಗ್ ಇರಬಹುದು, ಏರುಪೇರಾಗಿ ಸವೆದ ಟಯರೂ ಇರಬಹುದು. ಬ್ರೇಕ್ ಒತ್ತಿದಾಗ ಲೋಹ ಉಜ್ಜುವ ಕಿರ್ ಶಬ್ದ ಬಂದರೆ ಅದೇ ದಿನ ಗ್ಯಾರೇಜಿಗೆ ಹೋಗಿ.

ಖಾಲಿ ರಸ್ತೆ ಸಿಕ್ಕಾಗ, ಹಿಂದೆ ಯಾರೂ ಇಲ್ಲವೆಂದು ನೋಡಿಕೊಂಡು, 40ರ ವೇಗದಿಂದ ಹದವಾಗಿ ಬ್ರೇಕ್ ಹಾಕಿ. ಕಾರು ಒಂದು ಕಡೆ ಎಳೆಯಬಾರದು, ಸ್ಟೇರಿಂಗ್ ನಡುಗಬಾರದು. ವಾಪಸ್ ಬಂದ ಮೇಲೆ ನಾಲ್ಕೂ ಚಕ್ರದ ಬಳಿ ಕೈ ಹಿಡಿಯಿರಿ, ಮುಟ್ಟಬೇಡಿ. ಒಂದು ಮಾತ್ರ ಉಳಿದವಕ್ಕಿಂತ ಕಾದಿದ್ದರೆ ಆ ಚಕ್ರದ ಬ್ರೇಕ್ ಹಿಡಿದುಕೊಂಡಿದೆ.

ಡೀಸೆಲ್ ಇದ್ದವರು ಈ ಓಟವನ್ನು ಹೈವೇಯಲ್ಲೇ ಮಾಡಿ. ನಿಲ್ಲಿಸದೆ 60ರ ಮೇಲೆ ಇಪ್ಪತ್ತು ನಿಮಿಷ ಓಡಿದರೆ ಹೊಗೆ ಫಿಲ್ಟರಿಗೆ ಶುಚಿಯಾಗಲು ಅವಕಾಶ ಸಿಗುತ್ತದೆ. ಡ್ರೈ ಕ್ಲಚ್ ಡಿಸಿಟಿ (ಎರಡು ಕ್ಲಚ್‌ನ ಆಟೋಮ್ಯಾಟಿಕ್) ಗೇರ್‌ಬಾಕ್ಸ್ ಇದ್ದವರಿಗೆ ಒಂದೇ ಮಾತು. ಏರಿನಲ್ಲಿ ಟ್ರಾಫಿಕ್ ನಿಂತಾಗ ಆಕ್ಸಿಲರೇಟರ್ ಒತ್ತಿ ಕಾರನ್ನು ಹಿಡಿದು ನಿಲ್ಲಿಸಬೇಡಿ, ಬ್ರೇಕ್ ಹಿಡಿಯಿರಿ. ಇಲ್ಲದಿದ್ದರೆ ಕ್ಲಚ್ ಬಿಸಿಯಾಗಿ ಎಚ್ಚರಿಕೆ ಬರುತ್ತದೆ.

## ಹಂತ 5: ಸ್ಟೆಪ್ನಿ ಅಭ್ಯಾಸ

ಇದು ಪ್ರತಿ ತಿಂಗಳೂ ಬೇಡ. ಕಾರು ಕೊಂಡ ಮೇಲೆ ಒಮ್ಮೆ, ಮತ್ತೆ ಪ್ರತಿ ಸಲ ಟಯರ್ ಅಂಗಡಿಗೆ ಹೋಗಿಬಂದ ಮೇಲೆ. ರಾತ್ರಿ ಹೊತ್ತು ಮಳೆಯಲ್ಲಿ ಜನ ಸೋಲುವುದು ಜಾಕ್ ಹಾಕಲು ಬಾರದೆ ಅಲ್ಲ, ನಟ್ ಬಿಚ್ಚಲು ಆಗದೆ. ಅಂಗಡಿಯಲ್ಲಿ ಗಾಳಿ ಗನ್ ಹಿಡಿದು ಬಿಗಿಸಿದ ನಟ್ ಕಾರಿನ ಜೊತೆ ಬಂದ ಸಣ್ಣ ಸ್ಪ್ಯಾನರ್‌ಗೆ ಜಗ್ಗುವುದಿಲ್ಲ. ಅದಕ್ಕೇ ಅಂಗಡಿಯವರಿಗೆ ಕೊನೆಯ ಬಿಗಿ ಟಾರ್ಕ್ ರೆಂಚ್‌ನಲ್ಲೇ (ಬಿಗಿ ಅಳೆಯುವ ಸ್ಪ್ಯಾನರ್) ಮಾಡಿ ಅನ್ನಿ. ಮನೆಗೆ ಬಂದು ನಿಮ್ಮ ಸ್ಪ್ಯಾನರ್‌ನಲ್ಲಿ ಒಂದೊಂದೇ ನಟ್ ಸಡಿಲಿಸಿ ಮತ್ತೆ ಬಿಗಿಸಿ ನೋಡಿ. ಮನೆಯಲ್ಲಿ ಕಾರು ಓಡಿಸುವ ಎಲ್ಲರೂ ಇದನ್ನು ಮಾಡಲಿ.

ಬದಲಿಸುವ ಕ್ರಮ ಹೀಗಿದೆ:

1. ಗಟ್ಟಿ, ಸಮತಟ್ಟು ಜಾಗದಲ್ಲಿ ನಿಲ್ಲಿಸಿ. ಹ್ಯಾಂಡ್ ಬ್ರೇಕ್ ಎಳೆದು, ಗೇರ್ ಹಾಕಿ. ಆಟೋಮ್ಯಾಟಿಕ್ ಆದರೆ ಪಿ. ಎಲ್ಲರನ್ನೂ ಇಳಿಸಿ ರಸ್ತೆಯಿಂದ ದೂರ ನಿಲ್ಲಿಸಿ, ಹಿಂದೆ ತ್ರಿಕೋನ ಇಡಿ.
2. ಎದುರು ಮೂಲೆಯ ಚಕ್ರಕ್ಕೆ ಕಲ್ಲು ಕೊಡಿ.
3. ಚಕ್ರ ನೆಲದ ಮೇಲಿರುವಾಗಲೇ ನಟ್‌ಗಳನ್ನು ಅರ್ಧ ಸುತ್ತು ಸಡಿಲಿಸಿ. ಎತ್ತಿದ ಮೇಲೆ ಬಲ ಹಾಕಿದರೆ ಕಾರು ಜಾಕ್‌ನಿಂದ ಜಾರುತ್ತದೆ.
4. ಜಾಕನ್ನು ಬಾಗಿಲಿನ ಕೆಳಗಿರುವ ಬಾಡಿಯ ಅಂಚಿನಲ್ಲಿ ಗುರುತು ಮಾಡಿದ ಜಾಗಕ್ಕೇ ಕೊಡಿ. ಮಣ್ಣು ಮೆತ್ತಗಿದ್ದರೆ ಕೆಳಗೆ ಹಲಗೆ ಇಡಿ. ಕೆಳಗೆ ಕೈ, ತಲೆ ಹಾಕಬೇಡಿ.
5. ಚಕ್ರ ಬದಲಿಸಿ, ನಟ್‌ಗಳನ್ನು ಕೈಯಲ್ಲಿ ತಿರುಗಿಸಿ ಕೂರಿಸಿ. ಇಳಿಸಿದ ಮೇಲೆ ಎದುರು ಬದುರಾಗಿ ಬಿಗಿಸಿ. 50 ಕಿಲೋಮೀಟರ್ ಓಡಿದ ಮೇಲೆ ಮತ್ತೊಮ್ಮೆ ಬಿಗಿ ನೋಡಿ.

ಸ್ಟೆಪ್ನಿ ಉಳಿದ ಟಯರ್‌ಗಿಂತ ತೆಳುವಾಗಿದ್ದರೆ ಅದರ ಮೇಲೆ ವೇಗದ ಮಿತಿ ಬರೆದಿರುತ್ತದೆ, ಹೆಚ್ಚಾಗಿ 80. ಗಾಳಿಯ ಅಳತೆಯೂ ಬೇರೆ ಇರುತ್ತದೆ. ತೀರಾ ತೆಳು ಸ್ಟೆಪ್ನಿಗಳಿಗೆ 60 ಪಿಎಸ್‌ಐ ಬೇಕು. ಕೆಲವು ಕಾರುಗಳಲ್ಲಿ ಸ್ಟೆಪ್ನಿಯೇ ಇರುವುದಿಲ್ಲ, ಪಂಕ್ಚರ್ ಕಿಟ್ ಮಾತ್ರ. ಹಾಗಿದ್ದರೆ ಕಿಟ್‌ನ ದ್ರವದ ಅವಧಿ ಮುಗಿದಿದೆಯೇ ನೋಡಿ.

## ಓಡಿಸುವುದನ್ನು ನಿಲ್ಲಿಸಬೇಕಾದ ಸೂಚನೆಗಳು

ಕೆಂಪು ಲೈಟ್ ಅಂದರೆ ನಿಲ್ಲಿಸಿ, ಹಳದಿ ಅಂದರೆ ಬೇಗ ತೋರಿಸಿ. ಇದಕ್ಕೆ ಒಂದು ಅಪವಾದವಿದೆ. ಹಳದಿ ಚೆಕ್ ಇಂಜಿನ್ ಲೈಟ್ ಮಿನುಗುತ್ತಿದ್ದರೆ ಇಂಧನ ಸರಿಯಾಗಿ ಉರಿಯದೆ ಹೊಗೆಕೊಳವೆಗೆ ಹೋಗುತ್ತಿದೆ. ಹಾಗೇ ಓಡಿಸಿದರೆ ಹೊಗೆ ಶುಚಿ ಮಾಡುವ ದುಬಾರಿ ಕ್ಯಾಟಲಿಟಿಕ್ ಕನ್ವರ್ಟರ್ ಸುಡುತ್ತದೆ.

ಟೆಂಪರೇಚರ್ ಕೆಂಪಾದರೆ ಪಕ್ಕಕ್ಕೆ ನಿಲ್ಲಿಸಿ, ಆಫ್ ಮಾಡಿ, ಕನಿಷ್ಠ ಅರ್ಧ ಗಂಟೆ ಮುಚ್ಚಳ ಮುಟ್ಟಬೇಡಿ. 'ಇನ್ನೇನು ಐದೇ ಕಿಲೋಮೀಟರ್' ಅಂತ ಓಡಿಸಿದವರ ಇಂಜಿನ್ ಹೆಡ್ ಬಾಗುತ್ತದೆ. ಘಾಟಿ ಇಳಿಯುವಾಗ ಸುಟ್ಟ ವಾಸನೆ ಬಂದು ಬ್ರೇಕ್ ಪೆಡಲ್ ಮೆತ್ತಗಾದರೆ ಗೇರ್ ಇಳಿಸಿ, ಜಾಗ ಸಿಕ್ಕಲ್ಲಿ ನಿಲ್ಲಿಸಿ ತಣಿಯಲು ಬಿಡಿ. ಹತ್ತುವಾಗ ಬೇಕಾದ ಗೇರಿನಲ್ಲೇ ಇಳಿದರೆ ಈ ಪರಿಸ್ಥಿತಿ ಬರುವುದೇ ಕಮ್ಮಿ.

ಮಳೆಗಾಲದಲ್ಲಿ ಅಂಡರ್‌ಪಾಸ್ ನೀರಿನಲ್ಲಿ ಕಾರು ಆಫ್ ಆದರೆ ಮತ್ತೆ ಸ್ಟಾರ್ಟ್ ಮಾಡಬೇಡಿ. ಎತ್ತರದ ಕಾರು ಅಂತ ನುಗ್ಗುವವರೇ ಇಲ್ಲಿ ಜಾಸ್ತಿ ಸಿಕ್ಕಿಬೀಳುವುದು. ಸಿಲಿಂಡರ್‌ಗೆ ಸೇರಿದ ನೀರು ಹಿಂಡಿದರೆ ಕುಗ್ಗುವುದಿಲ್ಲ, ಬದಲಿಗೆ ಒಳಗಿನ ಕನೆಕ್ಟಿಂಗ್ ರಾಡ್ ಬಾಗುತ್ತದೆ. ಸಾಮಾನ್ಯ ವಿಮೆ ಈ ಹಾನಿಗೆ ಹೆಚ್ಚಾಗಿ ದುಡ್ಡು ಕೊಡುವುದಿಲ್ಲ. ಇಂಜಿನ್ ಪ್ರೊಟೆಕ್ಟ್ ಆಡ್-ಆನ್ ಇದೆಯಾ ಅಂತ ಇವತ್ತೇ ಪಾಲಿಸಿ ತೆಗೆದು ನೋಡಿ. ನೀರು ಎಷ್ಟಿದೆ ಗೊತ್ತಾಗದಿದ್ದರೆ ಮಕ್ಕಳನ್ನು ಕೂರಿಸಿಕೊಂಡು ಇಳಿಯಲೇಬೇಡಿ. ಕಾರಿಗಿಂತ ಮೊದಲು ಜೀವ.

## ಹಂತ 6: ನೋಟ್‌ಬುಕ್ ಹಿಡಿದು ಸರ್ವಿಸ್‌ಗೆ

ವರ್ಷಕ್ಕೊಮ್ಮೆ ಅಥವಾ 10,000 ಕಿಲೋಮೀಟರ್‌ಗೊಮ್ಮೆ, ಯಾವುದು ಮೊದಲೋ ಆಗ. ಹೆಚ್ಚಿನ ಪೆಟ್ರೋಲ್ ಕಾರುಗಳಿಗೆ ಇದೇ ಲೆಕ್ಕ. ನಿಮ್ಮದನ್ನು ಕೈಪಿಡಿಯಲ್ಲಿ ಖಚಿತ ಮಾಡಿಕೊಳ್ಳಿ.

ಸರ್ವಿಸ್ ಸೆಂಟರಿನಲ್ಲಿ ರೋಗದ ಹೆಸರು ಹೇಳಬೇಡಿ, ಲಕ್ಷಣ ಹೇಳಿ. 'ಬ್ರೇಕ್ ಪ್ಯಾಡ್ ಹಾಕಿ' ಅಂದರೆ ಹಾಕಿ ಕಳಿಸುತ್ತಾರೆ, ಶಬ್ದ ಹಾಗೇ ಉಳಿಯಬಹುದು. '40ರಲ್ಲಿ ಬ್ರೇಕ್ ಒತ್ತಿದರೆ ಮುಂದೆ ಎಡಗಡೆ ಕಿರ್ ಅನ್ನುತ್ತೆ, ಬೆಳಿಗ್ಗೆ ಜಾಸ್ತಿ' ಅಂತ ಜಾಬ್ ಕಾರ್ಡ್‌ನಲ್ಲಿ ಬರೆಸಿ. ಸಾಧ್ಯವಾದರೆ ಟೆಕ್ನಿಷಿಯನ್ ಜೊತೆ ಒಂದು ಸುತ್ತು ಹೋಗಿ ಕೇಳಿಸಿ.

ಕೈಪಿಡಿಯ ಪಟ್ಟಿಯಲ್ಲಿಲ್ಲದ ಇಂಜಿನ್ ಫ್ಲಶ್, ಕೋಟಿಂಗ್, ಎಸಿ ಟ್ರೀಟ್‌ಮೆಂಟ್‌ಗಳಿಗೆ ಕೇಳಿದ ಕೂಡಲೇ ಹೂಂ ಅನ್ನಬೇಡಿ. ಇದು ಯಾವ ದೋಷಕ್ಕೆ ಅಂತ ಕೇಳಿ. ಬದಲಿಸಿದ ಹಳೆ ಭಾಗಗಳನ್ನು ತೋರಿಸಲು ಮೊದಲೇ ಹೇಳಿಡಿ. ಕಾರು ವಾಪಸ್ ತೆಗೆದುಕೊಳ್ಳುವಾಗ ಅಲ್ಲೇ ಬಾನೆಟ್ ಎತ್ತಿ ಆಯಿಲ್ ಮಟ್ಟ, ಆಯಿಲ್ ಮುಚ್ಚಳ, ಬ್ಯಾಟರಿ ತುದಿಗಳ ಬಿಗಿ ನೋಡಿ. ಮರುದಿನ ಬೆಳಿಗ್ಗೆ ಕಾರು ನಿಂತ ಜಾಗದ ನೆಲದಲ್ಲಿ ಆಯಿಲ್ ಕಲೆ ಇದೆಯಾ ನೋಡಿ, ಟಯರ್ ಗಾಳಿ ತಣ್ಣಗಿರುವಾಗಲೇ ಅಳೆದು ನೋಟ್‌ಬುಕ್‌ನಲ್ಲಿ ಹೊಸ ಸಾಲು ಶುರು ಮಾಡಿ.